ಓದುಗರ ಪ್ರಶ್ನೆ: ಊರೋರೆಲ್ಲ ಸೇರಿ ಆಸ್ಪತ್ರೆ ಖರ್ಚು ಹಂಚ್ಕೋಬಹುದಾ?

ಪ್ರಶ್ನೆ: ನಮ್ಮೂರಲ್ಲಿ 120 ಮನೆ, ಎಲ್ರೂ ರೇಷ್ಮೆ, ಹಾಲು ನಂಬ್ಕೊಂಡಿರೋರು. ಕಂಪ್ನಿ ಇನ್ಶೂರೆನ್ಸ್ ಕಟ್ಟೋ ಶಕ್ತಿ ಇಲ್ಲ. ಮನೆಗೆ ತಿಂಗಳಿಗೆ 100 ರೂಪಾಯಿ ಹಾಕಿ, ಯಾರಿಗೆ ಆಪರೇಶನ್ ಆದ್ರೂ ಅದ್ರಲ್ಲೇ ಕೊಡೋಣ ಅಂತ ಮಾತಾಡ್ಕೊಂಡಿದೀವಿ. ನಡೆಯುತ್ತಾ?
(ಶಿಡ್ಲಘಟ್ಟ ತಾಲೂಕಿನ ಓದುಗರು)

ಉತ್ತರ: ನಿಮ್ಮೂರೋರ ಮನಸ್ಸು ದೊಡ್ಡದು, ಅದನ್ನ ಬಿಡಬೇಡಿ, ಆದ್ರೆ ಮೊದ್ಲು ಲೆಕ್ಕ ಹಾಕಿ. ತಿಂಗಳಿಗೆ 12,000, ವರ್ಷಕ್ಕೆ 1,44,000 ಆಗುತ್ತೆ. ಬೆಂಗಳೂರಿನ ಪ್ರೈವೇಟ್ ಆಸ್ಪತ್ರೇಲಿ ಒಬ್ರಿಗೆ ಬೈಪಾಸ್ ಆದ್ರೆ ಅಷ್ಟೂ ದುಡ್ಡು ಹೋಗಿ ಇನ್ನೂ ಸಾಲ ಉಳಿಯುತ್ತೆ, ಅದೇ ವರ್ಷ ಪಕ್ಕದ ಬೀದಿಯೋರು ಬಿದ್ರೆ ಅವ್ರಿಗೆ ಏನಂತ ಹೇಳ್ತೀರ? ದೊಡ್ಡ ಬಿಲ್ ಹಂಚ್ಕೊಳ್ಳೋಕೆ 120 ಮನೆ ಸಾಲಲ್ಲ, ಲಕ್ಷಗಟ್ಲೆ ಜನ ಬೇಕು. ನಮ್ಮ ರಾಜ್ಯದಲ್ಲೇ ಅದನ್ನ ಮಾಡಿ ತೋರಿಸಿದಾರಲ್ಲ, ಹಾರ್ಟ್ ಡಾಕ್ಟರ್ ದೇವಿ ಶೆಟ್ಟಿಯವ್ರ ಯೋಚನೆಯಿಂದ ಬಂದ ಯಶಸ್ವಿನಿ ಅನ್ನೋ ಆರೋಗ್ಯ ಯೋಜನೆ 2003ರಲ್ಲಿ ಜಾರಿಗೆ ಬಂದಾಗ ಸಹಕಾರ ಸಂಘದ ಸದಸ್ಯರು ಕಟ್ತಿದ್ದದ್ದು ತಲೆಗೆ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60. ಸರ್ಕಾರನೂ ಪಾಲು ಹಾಕ್ತು, ಲಕ್ಷಾಂತರ ರೈತರು ಸೇರಿದ್ರು, ಅದಕ್ಕೇ ಹಾರ್ಟ್ ಆಪರೇಶನ್ ತನಕ ಹೋಗೋಕಾಯ್ತು. 2018ರಲ್ಲಿ ನಿಂತಿದ್ದು 2022ರಲ್ಲಿ ಮತ್ತೆ ಶುರುವಾಯ್ತು, ಆಗ ಹಳ್ಳಿ ಕಡೆ ನಾಲ್ಕು ಜನದ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ಇಟ್ರು, 5 ಲಕ್ಷದ ತನಕ ಚಿಕಿತ್ಸೆ. ನಿಮ್ಮ 100 ರೂಪಾಯಿ ಲೆಕ್ಕದಲ್ಲಿ ಐದು ತಿಂಗಳ ದುಡ್ಡು ಅಷ್ಟೇ! ಹಾಲಿನ ಡೈರೀನೂ ಸಹಕಾರ ಸಂಘನೇ, ಅಲ್ಲಿ ಸದಸ್ಯರಾಗಿರೋರು ಸೆಕ್ರೆಟರಿ ಹತ್ರ ಈಗ್ಲೇ ವಿಚಾರಿಸಿ, ನೋಂದಣಿ ವರ್ಷಪೂರ್ತಿ ತೆಗೆದಿರಲ್ಲ.

ಅದಕ್ಕೂ ಮುಂಚೆ ಪ್ರತಿ ಮನೆ ರೇಷನ್ ಕಾರ್ಡ್ ನೋಡಿ. ಬಿಪಿಎಲ್ ಇದ್ರೆ ಸರ್ಕಾರದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೇಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಇದೆ, ಎಪಿಎಲ್ ಆದ್ರೆ ಆ ಚಿಕಿತ್ಸೆಗೆ ಸರ್ಕಾರ ಗೊತ್ತು ಮಾಡಿರೋ ಪ್ಯಾಕೇಜ್ ರೇಟಲ್ಲಿ ಶೇ. 30 ಮಾತ್ರ ಸರ್ಕಾರ ಕೊಡುತ್ತೆ, ಅದೂ 1.5 ಲಕ್ಷದ ತನಕ.

ಹಾಗಾದ್ರೆ ಊರಿನ ಫಂಡ್ ಬೇಡ್ವಾ ಅಂದ್ರೆ, ಖಂಡಿತ ಬೇಕು. ಇನ್ಶೂರೆನ್ಸ್ ಮುಟ್ಟದ ಖರ್ಚು ಎಷ್ಟಿರುತ್ತೆ ನೋಡಿ, ರಾತ್ರಿ ಹೊತ್ತು ಗಾಡಿ ಬಾಡಿಗೆ, ಜೊತೇಲಿ ಕೂತೋರ ಊಟ, ತಪ್ಪಿದ ಕೂಲಿ, ಡಿಸ್ಚಾರ್ಜ್ ಆದ್ಮೇಲೆ ತಿಂಗಳಾನುಗಟ್ಲೆ ಮಾತ್ರೆ. ಇದಕ್ಕೇ ಜನ ಬಡ್ಡಿ ಸಾಲ ಮಾಡೋದು. ಒಬ್ಬರಿಗೆ ಇಷ್ಟೇ ಅಂತ ಮಿತಿ ಬರೆದಿಡಿ, ಬ್ಯಾಂಕ್ ಖಾತೆ ಜಂಟಿ ಇರ್ಲಿ, ಸಹಿ ಹಾಕೋರಲ್ಲಿ ಒಬ್ರು ಹೆಂಗಸರಿರ್ಲಿ. ಕಾಯಿಲೆ ಇರೋರು ಮಾತ್ರ ಸೇರಿ ಗಟ್ಟಿ ಇರೋರು ಹೊರಗುಳಿದ್ರೆ ಫಂಡ್ ಉಳಿಯಲ್ಲ, ಆದ್ರಿಂದ ಮನೆ ಮನೆ ಹತ್ತಿ ಎಲ್ರನ್ನೂ ಸೇರಿಸಿ. ಇದು ಚೀಟಿ ಥರ ಅಲ್ಲ, ಕಟ್ಟಿದ್ದು ವಾಪಸ್ ಬರಲ್ಲ ಅಂತ ಮೊದಲ್ನೇ ಮೀಟಿಂಗಲ್ಲೇ ಬಿಡಿಸಿ ಹೇಳಿಬಿಡಿ. ಹೆಸರು 'ಸಹಾಯ ನಿಧಿ' ಅಂತಲೇ ಇರ್ಲಿ. ಪ್ರೀಮಿಯಂ ತಗೊಂಡು ಇಂತಿಷ್ಟು ಕೊಟ್ಟೇ ಕೊಡ್ತೀವಿ ಅಂತ ಮಾತು ಕೊಟ್ರೆ ಅದು ವಿಮೆ ಆಗುತ್ತೆ, ನೋಂದಣಿ ಇಲ್ದೆ ವಿಮೆ ನಡೆಸೋದು ಕಾನೂನಿಗೆ ವಿರುದ್ಧ.

ಪ್ರಶ್ನೆ: ನಾವು ಅಂಗಡಿಯೋರು ಒಂದಷ್ಟು ಜನ ಸೇರಿ ಗ್ರೂಪ್ ಪಾಲಿಸಿ ತಗೊಂಡ್ರೆ ಅಗ್ಗ ಆಗುತ್ತಾ?
(ತುಮಕೂರು ಓದುಗರು)

ಉತ್ತರ: ಆಗ್ಬಹುದು, ಆದ್ರೆ ಪಾಲಿಸಿಗೋಸ್ಕರನೇ ಗುಂಪು ಕಟ್ಟೋ ಹಾಗಿಲ್ಲ, ವಿಮಾ ಪ್ರಾಧಿಕಾರದ ನಿಯಮ ಅದು. ನಿಮ್ಮದು ಮೊದಲಿಂದ ನಡೀತಿರೋ ವರ್ತಕರ ಸಂಘ ಆದ್ರೆ ಕೇಳಿ ನೋಡಿ. ಇನ್ನೊಂದು, ಸ್ವಂತಕ್ಕೆ ತಗೊಳ್ಳೋ ಆರೋಗ್ಯ ಪಾಲಿಸಿ ಮೇಲಿದ್ದ ಶೇ. 18 ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ತೆಗೆದಿದಾರೆ, ಗ್ರೂಪ್ ಪಾಲಿಸಿಗೆ ತೆಗೆದಿಲ್ಲ, ಅದಕ್ಕೆ ಗ್ರೂಪ್ ರೇಟ್ ಕೇಳುವಾಗ ಟ್ಯಾಕ್ಸ್ ಸೇರಿಸಿ ಎಷ್ಟು ಅಂತ ಕೇಳಿ, ಆಮೇಲೆ ಹೋಲಿಸಿ. ವಯಸ್ಸಾದ ಅಪ್ಪ ಅಮ್ಮ ಮನೇಲಿದ್ರೆ ಮೊದ್ಲಿಂದಿರೋ ಶುಗರ್, ಬಿಪಿಗೆ ಎಷ್ಟು ವರ್ಷ ಕಾಯ್ಬೇಕು ಅಂತ ಬರವಣಿಗೇಲಿ ತಗೊಳ್ಳಿ, 3 ವರ್ಷಕ್ಕಿಂತ ಹೆಚ್ಚು ಕಾಯಿಸೋ ಹಾಗಿಲ್ಲ.

ಪ್ರಶ್ನೆ: ಊರಿನ ಆಸ್ಪತ್ರೆ ಫಂಡಿಗೆ ದುಡ್ಡೇ ಇಲ್ದಿರೋ ಮನೆಯೋರನ್ನ ಸೇರಿಸ್ಕೊಳ್ಳೋದು ಹೇಗೆ?
(ಮುಳಬಾಗಿಲು ಓದುಗರು)

ಉತ್ತರ: ಮಹಾರಾಷ್ಟ್ರದ ಸೇವಾಗ್ರಾಮದ ಕಸ್ತೂರಬಾ ಆಸ್ಪತ್ರೆ ಸುತ್ತ ಹಳ್ಳಿಯೋರು ಆರೋಗ್ಯ ವಿಮೆಗೆ ದುಡ್ಡಿನ ಬದಲು ಜೋಳ ಕೊಡ್ತಿದ್ರು, ಜಮೀನು ಜಾಸ್ತಿ ಇರೋರು ಜಾಸ್ತಿ, ಕಮ್ಮಿ ಇರೋರು ಕಮ್ಮಿ. ನಿಮ್ಮಲ್ಲಿ ಅದು ರಾಗಿ ಆಗ್ಲಿ, ಸುಗ್ಗಿ ಮುಗಿದ ಮೇಲೆ ಒಂದೇ ಸಲ ತಗೊಳ್ಳಿ, ಮಾರಿದ ದುಡ್ಡು ಅದೇ ಖಾತೆಗೆ ಹಾಕಿ. ಜಮೀನೇ ಇಲ್ಲದೋರ ಪಾಲು ಉಳಿದೋರು ಹಾಕಿದ್ರೆ ಆಯ್ತು.