ಆಟದ ಅಂತ್ಯವೋ, ಕಾದಂಬರಿಯ ಅಂತ್ಯವೋ?

ಪ್ರಶ್ನೆ: ಜಪಾನಿನ ‘ಫೈನಲ್ ಫ್ಯಾಂಟಸಿ 15’ ವಿಡಿಯೊ ಗೇಮನ್ನು ಇತ್ತೀಚೆಗೆ ಆಡಿ ಮುಗಿಸಿದೆ. ಲೋಕಕ್ಕೆ ಕವಿದ ಕತ್ತಲೆಯನ್ನು ಕಳೆಯಲು ರಾಜ ನಾಕ್ಟಿಸ್ ಸಿಂಹಾಸನದ ಮೇಲೆ ಕುಳಿತು ಪ್ರಾಣ ಕೊಡುವ ಕೊನೆಯ ದೃಶ್ಯ ಈಗಲೂ ಕಾಡುತ್ತಿದೆ. ಆದರೆ ಇದೇ ಕಥೆಯ ಕಾದಂಬರಿಯಲ್ಲಿ ಅವನು ಬದುಕಿ ಉಳಿಯುತ್ತಾನಂತೆ. ಹಾಗಾದರೆ ನಾನು ಕಂಡ ಅಂತ್ಯ ಸುಳ್ಳೇ? ಇಂಥ ಪುಸ್ತಕಗಳನ್ನು ಸಾಹಿತ್ಯವೆಂದು ಓದಬಹುದೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನೀವು ಕಂಡ ಅಂತ್ಯ ಖಂಡಿತ ಸುಳ್ಳಲ್ಲ. ಆ ಕಾದಂಬರಿ ಹುಟ್ಟಿದ ಬಗೆಯನ್ನು ತಿಳಿದರೆ ನಿಮ್ಮ ಸಂಶಯ ಬಹುಮಟ್ಟಿಗೆ ತೀರುತ್ತದೆ.

2006ರಲ್ಲಿ ಬೇರೊಂದು ಹೆಸರಿನಿಂದ ಘೋಷಣೆಯಾಗಿದ್ದ ಈ ಆಟ, ನಿರ್ದೇಶಕರೂ ರೂಪವೂ ಬದಲಾಗಿ, 2016ರ ನವೆಂಬರ್‌ನಲ್ಲಿ ಬಿಡುಗಡೆಯಾಯಿತು. ಕಥೆಯಲ್ಲಿ ಉಳಿದ ಬಿರುಕುಗಳನ್ನು ತುಂಬಲು ಖಳನಾಯಕ ಆರ್ಡಿನ್, ಯೋಧೆ ಅರಾನಿಯಾ, ಲೂನಾಫ್ರೇಯಾ, ನಾಕ್ಟಿಸ್ ಎಂಬ ನಾಲ್ವರ ಹೆಸರಿನಲ್ಲಿ ನಾಲ್ಕು ಹೆಚ್ಚುವರಿ ಅಧ್ಯಾಯಗಳನ್ನು ತರುವ ಯೋಜನೆ ಆಟವನ್ನು ತಯಾರಿಸಿದ ಸ್ಕ್ವೇರ್ ಎನಿಕ್ಸ್ ಸಂಸ್ಥೆಗಿತ್ತು. 2018ರ ನವೆಂಬರ್‌ನಲ್ಲಿ ನಿರ್ದೇಶಕ ಹಾಜಿಮೆ ತಬಾತಾ ಸಂಸ್ಥೆಯನ್ನು ಬಿಟ್ಟ ಸುದ್ದಿಯ ಜೊತೆಗೇ ಅವುಗಳಲ್ಲಿ ಮೂರು ರದ್ದಾದ ಸುದ್ದಿಯೂ ಬಂತು. ಆರ್ಡಿನ್‌ನ ಅಧ್ಯಾಯ ಮಾತ್ರ 2019ರ ಮಾರ್ಚ್‌ನಲ್ಲಿ ಆಡುವವರ ಕೈಸೇರಿತು. ಆಟವಾಗದೆ ಉಳಿದ ಆ ಮೂರು ಅಧ್ಯಾಯಗಳ ಕಥೆಯನ್ನೂ ಸೇರಿಸಿಕೊಂಡು ಜುನ್ ಏಶಿಮಾ ಅವರು ಬರೆದ ‘ದಿ ಡಾನ್ ಆಫ್ ದಿ ಫ್ಯೂಚರ್’ ಮರುತಿಂಗಳೇ ಜಪಾನಿನಲ್ಲಿ ಪ್ರಕಟವಾಯಿತು. ಮೊದಲಿನ ಅಂತ್ಯವನ್ನು ಅಳಿಸುವುದಕ್ಕಾಗಿ ಬಂದ ಪುಸ್ತಕ ಇದಲ್ಲ. ಕಥೆ ಹಿಡಿಯಬಹುದಾಗಿದ್ದ ಇನ್ನೊಂದು ದಾರಿಯನ್ನು ಇದು ತೋರಿಸುತ್ತದೆ.

ಸಾಹಿತ್ಯದ ಪ್ರಶ್ನೆಗೆ ನನ್ನ ಉತ್ತರ ಈ ಪುಸ್ತಕದ ಮೂರನೆಯ ಭಾಗದಲ್ಲಿದೆ. ಆಟದ ಬಹುಪಾಲು ನಾವು ನಾಕ್ಟಿಸ್‌ನ ಬೆನ್ನ ಹಿಂದೆಯೇ ನಡೆಯುತ್ತೇವೆ. ಹಾಗಾಗಿ ಅವನು ಕೈಹಿಡಿಯಬೇಕಿದ್ದ ಲೂನಾಫ್ರೇಯಾ ನಮಗೆ ದೂರದಿಂದಲೇ ಕಂಡು, ಮಾತು ಕೇಳುವಷ್ಟರಲ್ಲಿ ಕೊಲೆಯಾಗಿಬಿಡುತ್ತಾಳೆ. ಎಷ್ಟೋ ಆಟಗಾರರು ಈ ಕೊರತೆಯನ್ನು ಎತ್ತಿ ಆಡಿದ್ದಾರೆ, ಆ ದೂರು ನ್ಯಾಯವಾದದ್ದೇ. ಕಾದಂಬರಿಯಲ್ಲಿ ಅವಳು ಮರಳಿ ಕಣ್ತೆರೆಯುವಾಗ ಸೂರ್ಯನೇ ಹುಟ್ಟದ ಲೋಕವೊಂದು ಎದುರಿಗಿರುತ್ತದೆ. ಅರಾನಿಯಾ ಸಾಕಿ ಬೆಳೆಸಿದ ಸೋಲ್ ಎಂಬ ಹುಡುಗಿ ಜೊತೆಗಾರ್ತಿಯಾಗುತ್ತಾಳೆ. ದೇವತೆಗಳು ಹೊರಿಸಿದ ಕರ್ತವ್ಯವನ್ನು ಪ್ರಶ್ನಿಸದೆ ಹೊತ್ತವಳು ಆ ಕರ್ತವ್ಯವನ್ನೇ ಅನುಮಾನಿಸತೊಡಗುವ ಈ ಪ್ರಯಾಣ, ಒಬ್ಬನ ಬೆನ್ನಿಗೇ ಅಂಟಿಕೊಂಡಿದ್ದ ಆಟಕ್ಕೆ ಸಾಧ್ಯವಾಗದ ಒಳನೋಟವನ್ನು ಗದ್ಯಕ್ಕೆ ಸಾಧ್ಯವಾಗಿಸಿದೆ. ಇದನ್ನು ಸಾಹಿತ್ಯವೆಂದು ಕರೆಯಲು ನನಗೆ ಹಿಂಜರಿಕೆಯಿಲ್ಲ. ಕಾಳಗದ ಪುಟಗಳ ಬಗ್ಗೆ ಹಾಗೆ ಹೇಳಲಾರೆ: ಕೈಯಾರೆ ಆಡಿದ ಹೋರಾಟವನ್ನು ವಾಕ್ಯಗಳಲ್ಲಿ ಮತ್ತೆ ಓದುವುದು ಬೇಸರದ ಕೆಲಸ.

ಅಂತ್ಯದ ಮಟ್ಟಿಗೆ ನನ್ನ ಒಲವು ಆಟದ ಕಡೆಗೇ ಇದೆ. ಮೂವರು ಗೆಳೆಯರ ಜೊತೆ ಅಷ್ಟು ಹೊತ್ತು ಕಾರಿನಲ್ಲಿ ಅಲೆದು, ಬಯಲಿನಲ್ಲಿ ಅಡುಗೆ ಮಾಡಿ ಉಂಡವರಿಗೆ ಆ ಸಾವು ತಟ್ಟುವಂತೆ ಕಾದಂಬರಿಯ ಮಂಗಳಾಂತ್ಯ ತಟ್ಟುವುದಿಲ್ಲ.

ಇನ್ನು, ಆಡುವವರಿಗೆ ಬಿಟ್ಟದ್ದನ್ನು ಲೇಖಕರು ತೀರ್ಮಾನಿಸುವುದು ಈ ಪ್ರಕಾರದಲ್ಲಿ ಹೊಸದೇನೂ ಅಲ್ಲ. 1992ರ ‘ಡ್ರ್ಯಾಗನ್ ಕ್ವೆಸ್ಟ್ 5’ ಆಟದಲ್ಲಿ ನಾಯಕನಿಗೆ ಹೆಸರಿಡುವವರೂ, ವಧುವನ್ನು ಆರಿಸುವವರೂ ಆಟಗಾರರೇ. ಅದನ್ನು ಕಾದಂಬರಿಯಾಗಿಸಿದ ಸವೋರಿ ಕುಮಿ ಅವರು ನಾಯಕನನ್ನು ರ್‍ಯೂಕಾ ಎಂದು ಕರೆದು, ಬಾಲ್ಯದ ಗೆಳತಿ ಬಿಯಾಂಕಾಳೊಂದಿಗೆ ಅವನ ಮದುವೆ ಮಾಡಿಸಿದರು. 2019ರಲ್ಲಿ ಬಂದ ಚಲನಚಿತ್ರದ ನಾಯಕನಿಗೂ ಅಂಥದೇ ಹೆಸರಿದ್ದುದರಿಂದ ಅವರು ನ್ಯಾಯಾಲಯದ ಮೆಟ್ಟಿಲೇರಿದರು. ಆಟದಲ್ಲಿ ಖಾಲಿ ಬಿಟ್ಟಿದ್ದ ಜಾಗವನ್ನು ತುಂಬಿದ್ದು ತಮ್ಮ ಸ್ವಂತ ಸೃಷ್ಟಿಯೆಂಬ ಅವರ ನಂಬಿಕೆಯನ್ನು ನಾನು ಗೌರವಿಸುತ್ತೇನೆ.

ನೀವು ಕೇಳಿದ ಕಾದಂಬರಿಯ ಇಂಗ್ಲಿಷ್ ಅನುವಾದ 2020ರಲ್ಲಿ ಪ್ರಕಟವಾಗಿದೆ. ಆರ್ಡಿನ್‌ನ ಅಧ್ಯಾಯವನ್ನೂ ನೀವು ಆಡಿದ್ದರೆ ಮೊದಲ ಭಾಗದ ಬಹುಪಾಲು ಪರಿಚಿತವೆನಿಸುತ್ತದೆ. ಅರಾನಿಯಾಳ ಎರಡನೆಯ ಭಾಗದಿಂದಲೇ ಓದತೊಡಗಿದರೂ ಕಥೆಯ ಎಳೆ ತಪ್ಪುವುದಿಲ್ಲ.