ಅಂಗಳ ಗುಡಿಸಿದ ತರಗೆಲೆಯನ್ನು ಏನು ಮಾಡುವುದು?

ಉಡುಪಿಯ ಹತ್ತು ಸೆಂಟ್ಸ್ ಹಿತ್ತಿಲಲ್ಲಿ ಒಂದು ಹಲಸು, ಎರಡು ಮಾವು, ನಾಲ್ಕು ತೆಂಗು. ರಾಶಿ ಬಿದ್ದ ಎಲೆಯನ್ನು ಸುಡಬಹುದೇ ಎಂದು ಕೇಳಿದ್ದೀರಿ. ಸುಡಬೇಡಿ. ಬಯಲಲ್ಲಿ ಕಸ ಸುಟ್ಟವರಿಗೆ 5,000 ರೂಪಾಯಿ ದಂಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಆದೇಶಿಸಿದೆ. ತರಗೆಲೆಯ ಜೊತೆ ಮಣ್ಣು ಸುಟ್ಟು ಮಾಡುವ ಗೊಬ್ಬರದ, ಅಂದರೆ ಸುಡುಮಣ್ಣಿನ ಆಸೆ ನನಗೂ ಇದೆ, ಆದರೆ ಒತ್ತೊತ್ತಾದ ಮನೆಗಳ ನಡುವೆ ಆ ಹೊಗೆ ನೆರೆಯವರ ಜಗಲಿಗೇ ಹೋಗುತ್ತದೆ.

ಮೊದಲ ಪಾಲು ತೆಂಗಿನ ಬುಡಕ್ಕೆ. ಕಾಂಡಕ್ಕೆ ತಾಗದಂತೆ ಸುತ್ತ ಹರಡಿದರೆ ಬೇಸಿಗೆಯಲ್ಲಿ ತೇವ ಆರುವುದಿಲ್ಲ.

ಉಳಿದದ್ದನ್ನು ಗೊಬ್ಬರವಾಗಲು ನೆರಳಿನಲ್ಲಿ ರಾಶಿ ಹಾಕಿ. ಹಲಸಿನ ಎಲೆ ದಪ್ಪ, ಮೇಲೆ ಮೇಣದಂಥ ಪದರ; ಇಡಿಯಾಗಿ ಹಾಕಿದರೆ ಬೇಗ ಕರಗದು. ಕತ್ತಿಯಿಂದ ಕೊಚ್ಚಿ, ಇಲ್ಲವೇ ಓಡಾಡುವ ದಾರಿಯಲ್ಲಿ ಹರಡಿ ನಾಲ್ಕು ದಿನ ತುಳಿಯಿರಿ. ಒಣ ಎಲೆಯಲ್ಲಿ ಸಾರಜನಕ ಕಡಿಮೆ, ಹಾಗಾಗಿ ಪದರಕ್ಕೊಮ್ಮೆ ಸೆಗಣಿ ನೀರು, ತರಕಾರಿ ಸಿಪ್ಪೆ, ಹಸಿ ಸೊಪ್ಪು ಬೇಕು. ಒಂದು ಹಿಡಿ ತೆಗೆದು ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ ಸಾಕು.

ತಿಂಗಳಿಗೊಮ್ಮೆ ಮಗುಚುವಾಗ ಕಣ್ಣಿಟ್ಟು ನೋಡಿ. ಕಂದು ತಲೆಯ, ಹೆಬ್ಬೆರಳಿನಷ್ಟು ದಪ್ಪದ ಬಿಳಿ ಹುಳು ಸುರುಟಿ ಮಲಗಿದ್ದರೆ ಅದು ಕುರುವಾಯಿ ದುಂಬಿಯ ಮರಿ ಇರಬಹುದು. ಬಿಟ್ಟರೆ ನಾಳೆ ದುಂಬಿಯಾಗಿ ನಿಮ್ಮದೇ ತೆಂಗಿನ ಸುಳಿ ಕೊರೆಯುತ್ತದೆ. ಹೆಕ್ಕಿ ಕೋಳಿಗೆ ಹಾಕಿ.

ಜೂನ್ ಮಳೆಗೆ ಮೊದಲು ರಾಶಿಗೆ ಟಾರ್ಪಾಲು ಮುಚ್ಚಿ, ಇಲ್ಲದಿದ್ದರೆ ಸಾರವೆಲ್ಲ ಮಳೆನೀರು ಹರಿಯುವ ತೋಡಿನ ಪಾಲು. ಎಲೆಯನ್ನೇ ತೋಡಿಗೆ ದೂಡುವವರೂ ಇದ್ದಾರೆ. ಮೊದಲ ಜಡಿಮಳೆಗೆ ನೀರು ಅವರ ಅಂಗಳಕ್ಕೇ ಹಿಂದಿರುಗುತ್ತದೆ.