ಲೆಕ್ಕ ಒಗ್ಗದವರಿಗೆ ಆರೈಕೆಯ ವೃತ್ತಿ

ಪ್ರಶ್ನೆ: ಹಾಸನ ಜಿಲ್ಲೆಯ ಹಳ್ಳಿಯೊಂದರವಳಾದ ನಾನು ಈ ವರ್ಷ ವಾಣಿಜ್ಯ ವಿಭಾಗದಲ್ಲಿ ಪಿಯುಸಿ ಮುಗಿಸಿದ್ದೇನೆ. ಜಮಾ-ಖರ್ಚಿನ ಲೆಕ್ಕ ನನಗೆ ಎಂದೂ ಒಗ್ಗಲಿಲ್ಲ. ಲಕ್ವ ಹೊಡೆದು ಮಲಗಿದ್ದ ಅಜ್ಜಿಯ ಆರೈಕೆಯನ್ನು ಎರಡು ವರ್ಷ ಮಾಡಿದಾಗ ಮಾತ್ರ ಒಂದು ದಿನವೂ ಬೇಸರವಾಗಲಿಲ್ಲ. ಮನೆಯಲ್ಲಿ ಬಿ.ಕಾಂ.ಗೆ ಸೇರು ಎನ್ನುತ್ತಾರೆ. ವಿಜ್ಞಾನ ಓದದವರಿಗೆ ನರ್ಸಿಂಗ್ ಸಿಗುವುದಿಲ್ಲವಂತೆ, ನಿಜವೇ?

ಉತ್ತರ: ಅರ್ಧ ಮಾತ್ರ ನಿಜ. ನಾಲ್ಕು ವರ್ಷಗಳ ಬಿ.ಎಸ್ಸಿ. ನರ್ಸಿಂಗ್‌ಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಲೇಬೇಕು. ಆದರೆ ಮೂರು ವರ್ಷಗಳ ಜಿ.ಎನ್.ಎಂ. (ಸಾಮಾನ್ಯ ಶುಶ್ರೂಷೆ ಮತ್ತು ಹೆರಿಗೆ ಆರೈಕೆ) ಡಿಪ್ಲೊಮಾಕ್ಕೆ ಇಂಗ್ಲಿಷ್ ಓದಿ ಕನಿಷ್ಠ ಶೇ 40 ಅಂಕ ಪಡೆದ ವಾಣಿಜ್ಯ ವಿಭಾಗದವರೂ ಸೇರಬಹುದು. ಅದನ್ನು ಮುಗಿಸಿ ನರ್ಸ್ ಆಗಿ ನೋಂದಣಿ ಮಾಡಿಸಿಕೊಂಡವರು ಮುಂದೆ ಎರಡು ವರ್ಷಗಳ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಓದಿ ಪದವಿಯನ್ನೂ ಪಡೆಯಬಹುದು.

ಹಾಗೆಂದು, ಅಂಕಿಗಳಿಂದ ಪಾರಾಗಲೆಂದೇ ಈ ದಾರಿ ಹಿಡಿಯಬೇಡಿ. ಮಿಲಿಲೀಟರಿಗೆ 20 ಹನಿ ಬೀಳುವ ಡ್ರಿಪ್ ಸೆಟ್‌ನಲ್ಲಿ 500 ಮಿ.ಲೀ. ಗ್ಲೂಕೋಸನ್ನು 8 ಗಂಟೆಗಳಲ್ಲಿ ಕೊಡಬೇಕೆಂದರೆ ನಿಮಿಷಕ್ಕೆ ಸುಮಾರು 21 ಹನಿ ಎಂಬುದನ್ನು ನರ್ಸ್ ತಾನೇ ಲೆಕ್ಕ ಹಾಕಬೇಕಾಗುತ್ತದೆ, ಮಕ್ಕಳ ವಾರ್ಡಿನಲ್ಲಿ ಔಷಧದ ಪ್ರಮಾಣವನ್ನು ಮಗುವಿನ ತೂಕಕ್ಕೆ ಹೊಂದಿಸಬೇಕಾಗುತ್ತದೆ. ಇದು ಗುಣಾಕಾರ, ಭಾಗಾಕಾರಗಳಷ್ಟೇ. ಎದುರಿಗೊಬ್ಬ ರೋಗಿ ಇರುವುದರಿಂದ ನಿಮ್ಮಂಥವರಿಗೆ ಇದು ಲೆಡ್ಜರಿನ ಲೆಕ್ಕದಷ್ಟು ಒಣದಾಗಿ ಕಾಣದು ಎಂದು ನಾನು ನಂಬಿದ್ದೇನೆ.

ರೋಗಿಯ ಮೈಗಿಂತ ಅವರ ಮನಸ್ಸು, ಮನೆಯ ಪರಿಸ್ಥಿತಿಗಳೇ ನಿಮ್ಮನ್ನು ಹೆಚ್ಚು ಸೆಳೆಯುವುದಾದರೆ ಸಮಾಜಕಾರ್ಯವಿದೆ. ಬಿ.ಎಸ್.ಡಬ್ಲ್ಯು. (ಸಮಾಜಕಾರ್ಯದ ಪದವಿ) ಅಥವಾ ಬಿ.ಎ. ಮಾಡಿ, ಎರಡು ವರ್ಷಗಳ ಎಂ.ಎಸ್.ಡಬ್ಲ್ಯು. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿದವರು ಆಸ್ಪತ್ರೆಗಳಲ್ಲಿ ರೋಗಿಯ ಕುಟುಂಬದೊಡನೆ ಮಾತನಾಡುವ, ಮನೆಗೆ ಮರಳಿದ ಮೇಲಿನ ಆರೈಕೆಯನ್ನು ಗೊತ್ತುಮಾಡುವ ಕೆಲಸದಲ್ಲಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋವೈದ್ಯಕೀಯ ಸಮಾಜಕಾರ್ಯಕ್ಕೆಂದೇ ಪ್ರತ್ಯೇಕ ವಿಭಾಗವಿದೆ.

ಅಜ್ಜಿಯ ಮಗ್ಗುಲು ಬದಲಿಸಿದ, ಬೆನ್ನು ಹುಣ್ಣಾಗದಂತೆ ಕಾಯ್ದ ಅನುಭವ ನಿಮ್ಮ ಬೆನ್ನಿಗಿದೆ. ಆದರೆ ಅಲ್ಲಿ ಒಬ್ಬರಿದ್ದರು, ಅದೂ ನಿಮ್ಮವರು. ವಾರ್ಡಿನಲ್ಲಿ ಹತ್ತಾರು ಅಪರಿಚಿತರಿರುತ್ತಾರೆ, ಕೆಲವರು ಬೈಯುತ್ತಾರೆ, ಕೆಲವರು ನಿಮ್ಮ ಪಾಳಿಯಲ್ಲೇ ತೀರಿಕೊಳ್ಳುತ್ತಾರೆ, ರಾತ್ರಿಪಾಳಿಯಂತೂ ತಪ್ಪದು. ಆದ್ದರಿಂದ ಅರ್ಜಿ ಹಾಕುವ ಮುನ್ನ ಆಸ್ಪತ್ರೆಯಲ್ಲಿ ದುಡಿಯುವ ಶುಶ್ರೂಷಕಿಯೊಬ್ಬರ ಜೊತೆ ಬಿಡುವಾಗಿ ಮಾತನಾಡಿ, ಸಾಧ್ಯವಾದರೆ ತಂದೆತಾಯಿಯನ್ನೂ ಕರೆದೊಯ್ಯಿರಿ. ಶುಲ್ಕ ಕಟ್ಟುವ ಮೊದಲು ನೀವು ಸೇರಲಿರುವ ನರ್ಸಿಂಗ್ ಶಾಲೆಗೆ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ಮಾನ್ಯತೆ ಇದೆಯೇ ಎಂಬುದನ್ನು ಪರಿಷತ್ತಿನಲ್ಲೇ ವಿಚಾರಿಸಿ. ಮಾನ್ಯತೆಯಿಲ್ಲದ ಕಡೆ ಓದಿದರೆ ನೋಂದಣಿ ಸಿಗುವುದಿಲ್ಲ, ನೋಂದಣಿಯಿಲ್ಲದೆ ನರ್ಸ್ ಆಗಿ ಕೆಲಸ ಮಾಡುವಂತಿಲ್ಲ.